ಭೀಮೆಯ ಸೀಮೆ: ಒಳಗಿನವರು, ಹೊರಗಿನವರು

ಆಳಂದದ ಕಡೆಯಿಂದ ಇಳಿದು ಬರುವ ಅಮರ್ಜಾ ಹೊಳೆ ಅಫಜಲಪುರ ತಾಲೂಕಿನ ದೇವಲ ಗಾಣಗಾಪುರದ ಹತ್ತಿರ ಭೀಮೆಯನ್ನು ಕೂಡುತ್ತದೆ. ಅಲ್ಲಿಂದ ಮುಂದೆ ಸಾಗಿದ ಭೀಮೆ ಕಲಬುರಗಿಗೂ ಜೇವರ್ಗಿಗೂ ನಡುವೆ ಹರಿದು ಕೊನೆಗೆ ಕೃಷ್ಣೆಯ ಪಾಲಾಗುತ್ತದೆ. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿ, ಪಂಢರಪುರದಲ್ಲಿ ಚಂದ್ರಭಾಗೆ ಎನಿಸಿಕೊಂಡು, ಕನ್ನಡ ನೆಲಕ್ಕೆ ಬಂದ ನದಿಯಿದು. ಇದರ ಎರಡೂ ದಂಡೆಯ ಎರೆಮಣ್ಣಿನ ಮೇಲೆ ಆರುನೂರು ವರ್ಷಗಳಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದ್ದಿದೆ. ಈ ನಾಡಿನವರು ಯಾರು, ಹೊರಗಿನವರು ಯಾರು? ಈ ಪ್ರಶ್ನೆಯನ್ನು ಆಳಿದವರೂ ಕೇಳಿದ್ದಾರೆ, ಆಳಿಸಿಕೊಂಡವರೂ ಕೇಳಿದ್ದಾರೆ. ಕೇಳಿದವರ ಹಿಂದೆ ಬಹಳ ಸಲ ನಿಜವಾದ ನೋವಿತ್ತು. ಆದರೆ ನೋವಿಗೆ ಹುಡುಕಿದ ಮದ್ದು ಎಷ್ಟೋ ಸಲ ನೋವಿಗಿಂತ ಘೋರವಾಯಿತು. ಭಾರತದ ಒಗ್ಗಟ್ಟಿನ ಬಗ್ಗೆ ಚಿಂತಿಸುವವರು ಈ ಸೀಮೆಯ ಚರಿತ್ರೆಯನ್ನು ಒಮ್ಮೆ ಮೊದಲಿನಿಂದ ಓದಬೇಕು.

ದಖನಿಗಳು ಮತ್ತು ಪರದೇಸಿಗಳು

1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಶಾಹನು ದಿಲ್ಲಿಯ ಅಧೀನತೆಯನ್ನು ಕಿತ್ತೊಗೆದು ಸ್ವತಂತ್ರ ರಾಜ್ಯ ಕಟ್ಟಿದನು. ಕಲಬುರಗಿ ಅದರ ರಾಜಧಾನಿಯಾಯಿತು. ಮೊದಲ ತಲೆಮಾರಿನ ಸರದಾರರಲ್ಲಿ ಬಹುಪಾಲು ಜನ ಉತ್ತರದಿಂದ ಬಂದವರು. ಎರಡು ಮೂರು ತಲೆಮಾರು ಕಳೆಯುವಷ್ಟರಲ್ಲಿ ಅವರ ಮಕ್ಕಳು ಮೊಮ್ಮಕ್ಕಳು ಈ ಮಣ್ಣಿನವರೇ ಆಗಿ ತಮ್ಮನ್ನು ದಖನಿಗಳೆಂದು ಕರೆದುಕೊಂಡರು.

1397ರಲ್ಲಿ ಪಟ್ಟಕ್ಕೆ ಬಂದ ಫಿರೋಜ್ ಶಾಹನು ವಿದ್ಯೆಯನ್ನು ಬಲ್ಲವನು, ವಿದ್ವಾಂಸರನ್ನು ಮೆಚ್ಚುವವನು. ಗೋವಾ ಮತ್ತು ಚೌಲ್ ಬಂದರುಗಳಿಂದ ಹಡಗು ಕಳಿಸಿ ದೂರದೇಶದ ಗುಣವಂತರನ್ನು ಕರೆಸಿಕೊಳ್ಳುತ್ತಿದ್ದನೆಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಜೇವರ್ಗಿಯ ಹಾದಿಯಲ್ಲಿ, ಭೀಮೆಯ ದಂಡೆಗೆ, 1400ರ ಸುಮಾರಿಗೆ ಅವನು ಫಿರೋಜಾಬಾದ್ ಎಂಬ ಹೊಸ ನಗರ ಕಟ್ಟಿಸಿದನು. ಅದರ ಕೋಟೆಗೋಡೆಗಳೂ ಮಸೀದಿಯೂ ಇಂದಿಗೂ ಪಾಳುಬಿದ್ದು ನಿಂತಿವೆ. ಇರಾನ್, ಇರಾಕ್, ತುರ್ಕಿ, ಅರಬ್ ನಾಡುಗಳಿಂದ ಬಂದವರಿಗೆ ಆಫಾಕಿಗಳು, ಗರೀಬರು, ಪರದೇಸಿಗಳು ಎಂದು ಹೆಸರು ಬಿತ್ತು.

ದರಬಾರು ಇಬ್ಭಾಗವಾಯಿತು. ದಖನಿಗಳ ದೂರಿನಲ್ಲಿ ಹುರುಳಿತ್ತು. ರಾಜ್ಯ ಕಟ್ಟಿದವರು ನಾವು, ರಕ್ತ ಸುರಿಸಿದವರು ನಾವು, ನಿನ್ನೆ ಹಡಗಿನಿಂದ ಇಳಿದವನಿಗೆ ಮನಸಬು ಮತ್ತು ಜಹಗೀರು ಸಿಗುತ್ತದೆ ಎಂದು ಅವರು ಕುದಿಯುತ್ತಿದ್ದರು. ಪರದೇಸಿಗಳು ತಮ್ಮ ಪಾರಸಿ ನುಡಿ, ತಮ್ಮ ನಡೆ, ತಮ್ಮ ಕುಲವೇ ಮೇಲೆಂದು ನಂಬಿ ದಖನಿಗಳನ್ನು ಒರಟರೆಂದು ಕಾಣುತ್ತಿದ್ದರು. 1447ರ ಸುಮಾರಿಗೆ ಈ ದ್ವೇಷ ರಕ್ತಕ್ಕಿಳಿಯಿತು. ಕೊಂಕಣದ ಕಾಡಿನಲ್ಲಿ ಸೋತ ಪರದೇಸಿ ದಂಡು ಪುಣೆಯ ಹತ್ತಿರದ ಚಾಕಣ ಕೋಟೆಯನ್ನು ಸೇರಿಕೊಂಡಿತ್ತು. ಇವರು ರಾಜದ್ರೋಹಕ್ಕೆ ಹೊಂಚು ಹಾಕಿದ್ದಾರೆಂದು ದಖನಿ ಸರದಾರರು ಆಗಿನ ಸುಲ್ತಾನನಿಗೆ ಬರೆದರು. ಕೋಟೆಗೆ ಮುತ್ತಿಗೆ ಬಿತ್ತು. ಕೊನೆಗೆ ಅಭಯ ಕೊಟ್ಟು, ಔತಣಕ್ಕೆ ಕರೆದು, ಉಣ್ಣಲು ಕೂತವರನ್ನು ಕಡಿದು ಹಾಕಿದರು. ನಿಜ ತಿಳಿದ ಮೇಲೆ ಸುಲ್ತಾನನು ಕೊಂದವರನ್ನು ದಂಡಿಸಿದನು. ದಂಡನೆಯಿಂದ ದ್ವೇಷ ಆರಲಿಲ್ಲ, ಇಮ್ಮಡಿಸಿತು.

ಆ ಹೊತ್ತಿಗೆ ರಾಜಧಾನಿ ಬೀದರಿಗೆ ಹೋಗಿತ್ತು. 1453ರಲ್ಲಿ ಇರಾನಿನ ಗೀಲಾನ್ ಪ್ರಾಂತ್ಯದ ವರ್ತಕನೊಬ್ಬ ಅಲ್ಲಿಗೆ ಬಂದನು. ಅವನು ಮಹಮೂದ್ ಗವಾನ್. ಹುಟ್ಟಿನಿಂದ ಪರದೇಸಿಯಾದರೂ ಪ್ರಧಾನಿಯಾದ ಮೇಲೆ ತನ್ನವರ ಪಕ್ಷ ಹಿಡಿಯಲಿಲ್ಲ. ನಾಲ್ಕು ತರಫುಗಳಿದ್ದ, ಅಂದರೆ ಪ್ರಾಂತಗಳಿದ್ದ, ರಾಜ್ಯವನ್ನು ಎಂಟಾಗಿ ಹಂಚಿ, ದಖನಿಗಳಿಗೂ ಪರದೇಸಿಗಳಿಗೂ ಸರಿಸಮವಾಗಿ ಅಧಿಕಾರ ಕೊಡಲು ನೋಡಿದನು. ಪ್ರತಿ ತರಫುದಾರನ ಕೈಯಲ್ಲಿ ಒಂದೇ ಕೋಟೆ ಉಳಿಸಿ, ಮಿಕ್ಕವನ್ನು ಸುಲ್ತಾನನ ನೇರ ಹಿಡಿತಕ್ಕೆ ತಂದನು. 1472ರಲ್ಲಿ ಬೀದರಿನಲ್ಲಿ ಮದರಸೆ ಕಟ್ಟಿಸಿ ತನ್ನ ಗ್ರಂಥಗಳನ್ನು ಅದಕ್ಕೆ ಕೊಟ್ಟನು. ಇಬ್ಬರಿಗೂ ಸಮಪಾಲು ಕೊಡುವವನನ್ನು ಹೆಚ್ಚು ಪಾಲು ಬಯಸುವವರು ಸಹಿಸುವುದಿಲ್ಲ. ದಖನಿ ಬಣದ ಮುಂದಾಳು ನಿಜಾಮುಲ್ಮುಲ್ಕ್ ಮಲಿಕ್ ಹಸನನ ಕಡೆಯವರು ಗವಾನನ ಮುದ್ರೆ ಕಾಯುವ ಸೇವಕನಿಗೆ ಕುಡಿಸಿ, ಬರಿ ಹಾಳೆಯ ಮೇಲೆ ಮುದ್ರೆ ಒತ್ತಿಸಿಕೊಂಡರು. ಅದರ ಮೇಲೆ ಒರಿಸ್ಸಾದ ಗಜಪತಿಗೆ ದಂಡೆತ್ತಿ ಬರಲು ಕರೆಕೊಡುವ ಸುಳ್ಳು ಪತ್ರ ಬರೆದು ಸುಲ್ತಾನನ ಮುಂದಿಟ್ಟರು.

1481ರ ಏಪ್ರಿಲ್ 5. ಮೂರನೆಯ ಮುಹಮ್ಮದ್ ಶಾಹನು ಆಂಧ್ರದ ಕೊಂಡಪಲ್ಲಿಯ ಪಾಳೆಯದಲ್ಲಿದ್ದನು. ಹೋಗಬೇಡಿ, ಗುಜರಾತಿನ ಕಡೆ ತಪ್ಪಿಸಿಕೊಳ್ಳಿ ಎಂದು ಗೆಳೆಯರು ಬೇಡಿಕೊಂಡರೂ ಗವಾನ್ ಕರೆಗೆ ಓಗೊಟ್ಟು ಹೋದನು. ಒಡೆಯನಿಗೆ ದ್ರೋಹ ಬಗೆದವನಿಗೆ ಏನು ಶಿಕ್ಷೆ ಎಂದು ಸುಲ್ತಾನ್ ಕೇಳಿದನು. ಕತ್ತಿಯೇ ಶಿಕ್ಷೆ ಎಂದು ಮುದುಕನು ಉತ್ತರ ಕೊಟ್ಟನು. ಪತ್ರ ತೋರಿಸಿದಾಗ, ಮುದ್ರೆ ನನ್ನದು, ಬರಹ ನನ್ನದಲ್ಲ ಎಂದನು. ಆ ಮಾತನ್ನು ಯಾರೂ ಪರಿಶೀಲಿಸಲಿಲ್ಲ, ಅಲ್ಲಿಯೇ ತಲೆ ಉರುಳಿತು. ಪ್ರಧಾನಿಯ ಭಂಡಾರ ಶೋಧಿಸಿದವರಿಗೆ ಸಂಪತ್ತು ಸಿಗಲಿಲ್ಲ. ಇದ್ದುದನ್ನೆಲ್ಲ ಅವನು ಬಡವರಿಗೆ ಹಂಚಿಬಿಟ್ಟಿದ್ದನು. ಪಶ್ಚಾತ್ತಾಪದಲ್ಲಿ ಬೆಂದ ಸುಲ್ತಾನನು ಮರುವರ್ಷವೇ ತೀರಿಕೊಂಡನು. ಮುಂದಿನ ಕೆಲವು ದಶಕಗಳಲ್ಲಿ ಬಹಮನಿ ರಾಜ್ಯ ಬಿಜಾಪುರ, ಅಹಮದನಗರ, ಬೀರಾರ, ಬೀದರ, ಗೋಲ್ಕೊಂಡ ಎಂದು ಐದು ಹೋಳಾಯಿತು. ಹೊರಗಿನ ಶತ್ರು ಮಾಡಲಾಗದ ಕೆಲಸವನ್ನು ಒಳಗಿನವ, ಹೊರಗಿನವ ಎಂಬ ಹಗೆ ಮಾಡಿ ಮುಗಿಸಿತು.

ಬಂದವರನ್ನು ತನ್ನವರಾಗಿಸಿಕೊಂಡ ಮಣ್ಣು

ಅರಮನೆಯಲ್ಲಿ ಈ ಕಲಹ ನಡೆದ ಕಾಲದಲ್ಲೇ ಹಳ್ಳಿಗಳ ಚರಿತ್ರೆ ಬೇರೆ ದಾರಿ ಹಿಡಿದಿತ್ತು. 1398ರಲ್ಲಿ ತೈಮೂರನ ದಂಡು ದಿಲ್ಲಿಯ ಮೇಲೆ ಬಿದ್ದಾಗ ಊರು ಬಿಟ್ಟ ಸೂಫಿ ಸಂತ ಖ್ವಾಜಾ ಬಂದೇನವಾಜರು ದಕ್ಷಿಣಕ್ಕೆ ನಡೆದು ಕಲಬುರಗಿಯಲ್ಲಿ ನೆಲೆಸಿದರು. 1422ರಲ್ಲಿ ಅವರು ಅಲ್ಲಿಯೇ ಮಣ್ಣಾದರು. ಅವರ ದರ್ಗಾಕ್ಕೂ ಆಳಂದದ ಲಾಡ್ಲೆ ಮಶಾಯಿಕರ ದರ್ಗಾಕ್ಕೂ ಹರಕೆ ಹೊತ್ತು ಬರುವವರಲ್ಲಿ ಎಲ್ಲ ಜಾತಿ ಧರ್ಮದವರೂ ಇದ್ದಾರೆ.

ಅದೇ ಕಾಲಕ್ಕೆ ವಿದರ್ಭದ ಕಾರಂಜದಲ್ಲಿ ಹುಟ್ಟಿದ ದತ್ತ ಸಂಪ್ರದಾಯದ ಗುರು ನರಸಿಂಹ ಸರಸ್ವತಿಗಳು ಔದುಂಬರ, ನರಸೋಬಾವಾಡಿಗಳನ್ನು ದಾಟಿ ಗಾಣಗಾಪುರಕ್ಕೆ ಬಂದರು. ಭೀಮಾ-ಅಮರ್ಜಾ ಸಂಗಮದ ದಂಡೆಯಲ್ಲಿ ತಪಸ್ಸು ಮಾಡಿದರು, ಊರಿನ ಮನೆಬಾಗಿಲುಗಳಲ್ಲಿ ಭಿಕ್ಷೆ ಬೇಡಿದರು. ಬೀದರಿನ ಸುಲ್ತಾನನೊಬ್ಬನು ತನ್ನ ಹುಣ್ಣಿನ ಬಾಧೆ ಕಳೆದುಕೊಳ್ಳಲು ಅವರ ಬಳಿಗೆ ಬಂದನೆಂಬ ಕಥೆ ಗುರುಚರಿತ್ರೆಯಲ್ಲಿದೆ. ಮರಾಠಿ ಮನೆಮನೆಗಳಲ್ಲಿ ಪಾರಾಯಣವಾಗುವ ಆ ಗ್ರಂಥ ಬರೆದ ಸರಸ್ವತಿ ಗಂಗಾಧರರ ಮನೆಮಾತು ಕನ್ನಡವಾಗಿತ್ತೆಂಬುದು ಪರಂಪರೆಯ ಮಾತು. ಮರಾಠಿ ನೆಲದ ಗುರು ಕನ್ನಡ ನೆಲದಲ್ಲಿ ನಿಂತನು, ಶಿಷ್ಯಪರಂಪರೆಯ ಕನ್ನಡಿಗ ಅವನ ಚರಿತ್ರೆಯನ್ನು ಮರಾಠಿಯಲ್ಲಿ ಹಾಡಿದನು. ಇಂದಿಗೂ ಗುರುವಾರ, ಹುಣ್ಣಿಮೆ ಎಂದರೆ ಸೊಲ್ಲಾಪುರ, ಪುಣೆ, ಮುಂಬಯಿಯ ಭಕ್ತರು ಗಾಣಗಾಪುರಕ್ಕೆ ಬಂದಿಳಿಯುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಮಾಧುಕರಿ ಭಿಕ್ಷೆ ಬೇಡುತ್ತಾರೆ. ಶ್ರೀಮಂತನೂ ಬೇಡಬೇಕು, ಬಡವನೂ ನೀಡಬಹುದು. ಬೇಡುವವನ ಊರು ಯಾವುದೆಂದು ಕೇಳಿ ರೊಟ್ಟಿ ಹಾಕುವ ರೂಢಿ ಆ ಊರಿನಲ್ಲಿಲ್ಲ.

ಮುಲ್ಕಿ, ಗೈರ್ ಮುಲ್ಕಿ

ಕಾಲ ಉರುಳಿತು. ಆದಿಲಶಾಹಿ ಹೋಗಿ ಮೊಗಲರು ಬಂದರು, ಮೊಗಲರು ಹೋಗಿ ನಿಜಾಮರು ಬಂದರು. ಅಫಜಲಪುರದ ಕಡೆ ಭೀಮೆಯ ಈಚೆ ಹೈದರಾಬಾದಿನ ನಿಜಾಮರ ಮೊಗಲಾಯಿ, ಆಚೆ ಇಂಗ್ರೇಜಿ ಸೀಮೆಯ ವಿಜಾಪುರ. ಕಲಬುರಗಿ ಒಂದು ಸೂಬೆಯ ಕೇಂದ್ರವಾಯಿತು. ಆಳಂದ, ಅಫಜಲಪುರದ ಸುತ್ತ ಪಾಯಗಾ ಅಮೀರರ ಜಹಗೀರುಗಳು ಹಬ್ಬಿದ್ದವು. ಇಡೀ ಸಂಸ್ಥಾನದ ಪ್ರಜೆಗಳಲ್ಲಿ ಅರ್ಧದಷ್ಟು ತೆಲುಗರು, ಕಾಲುಭಾಗ ಮರಾಠರು, ಎಂಟರಲ್ಲೊಂದು ಪಾಲು ಕನ್ನಡಿಗರು. ಕಚೇರಿಯ ಭಾಷೆ ಮಾತ್ರ ಉರ್ದು. ಜೇವರ್ಗಿಯ ರೈತನು ತನ್ನ ಹೊಲದ ಕಾಗದ ಓದಿಸಿಕೊಳ್ಳಲು ಇನ್ನೊಬ್ಬನ ಬಾಗಿಲಿಗೆ ಹೋಗಬೇಕಿತ್ತು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದಿವಾನ ಸಾಲಾರಜಂಗನು ಆಡಳಿತವನ್ನು ಹೊಸದಾಗಿ ಕಟ್ಟಲು ಉತ್ತರ ಹಿಂದುಸ್ತಾನದಿಂದ ಇಂಗ್ಲಿಷ್ ಬಲ್ಲ ಅಧಿಕಾರಿಗಳನ್ನು ಕರೆಸಿದನು. ಅವರು ಕಾರ್ಯದಕ್ಷರು. ಆದರೆ ತಮ್ಮ ಬಂಧುಬಳಗವನ್ನೂ ಕರೆತಂದು ಹುದ್ದೆಗಳಲ್ಲಿ ತುಂಬಿದರು. ನಾಡಿನ ಓದಿದ ಯುವಕರಿಗೆ ಕಚೇರಿಯ ಬಾಗಿಲು ಮುಚ್ಚಿತು. ಫಿರೋಜ್ ಶಾಹನ ಕಾಲದ ಕುದಿ ಮತ್ತೆ ಎದ್ದಿತು, ಈಗ ಅದಕ್ಕೆ ಮುಲ್ಕಿ, ಗೈರ್ ಮುಲ್ಕಿ, ಅಂದರೆ ನಾಡಿನವ, ಹೊರನಾಡಿನವ ಎಂಬ ಹೆಸರು. 1919ರ ಫರ್ಮಾನಿನ ಪ್ರಕಾರ ಸರಕಾರಿ ನೌಕರಿ ಮುಲ್ಕಿಗಳಿಗೇ ಮೀಸಲಾಯಿತು. ಹೊರಗಿನಿಂದ ಬಂದವನು ಹದಿನೈದು ವರ್ಷ ಸಂಸ್ಥಾನದಲ್ಲಿ ನೆಲೆನಿಂತು, ಹುಟ್ಟೂರಿಗೆ ಮರಳುವ ವಿಚಾರ ಬಿಟ್ಟಿದ್ದರೆ ಅವನೂ ಮುಲ್ಕಿಯಾಗಬಹುದಿತ್ತು. ನಿಯಮದಲ್ಲಿ ನ್ಯಾಯವಿತ್ತು. ಆದರೆ ಕನ್ನಡ, ತೆಲುಗು, ಮರಾಠಿ ಮಕ್ಕಳ ಪಾಲಿಗೆ ಅದರ ಫಲ ಬಹಳ ಬರಲಿಲ್ಲ. ಮಾತೃಭಾಷೆಯಲ್ಲಿ ಓದಲು ಶಾಲೆಯಿಲ್ಲದವನು ಮುಲ್ಕಿಯಾದರೂ ಕಚೇರಿಯ ಹೊಸ್ತಿಲ ಹೊರಗೇ ಉಳಿದನು.

ಮೂರು ಭಾಷೆಯ ಒಂದು ದನಿ

ಈ ಕಾಲದ ಕತ್ತಲೆಯಲ್ಲಿ ಭೀಮಾ ಸೀಮೆ ಒಬ್ಬ ಮಗನನ್ನು ಕೊಟ್ಟಿತು. ನದಿಯ ಆಚೆಗಿನ ಸಿಂದಗಿಗೂ ಈಚೆ ಕಲಬುರಗಿ ಸೀಮೆಯ ಚಿನಮಳ್ಳಿಗೂ ನಂಟುಳ್ಳ ಮನೆತನದಲ್ಲಿ 1903ರ ಅಕ್ಟೋಬರ್ 3ರಂದು ಹುಟ್ಟಿದ ವೆಂಕಟೇಶ ಖೇಡಗೀಕರ ಮುಂದೆ ಸ್ವಾಮಿ ರಾಮಾನಂದ ತೀರ್ಥರಾದರು. ಕಾರ್ಮಿಕ ನಾಯಕ ಎನ್. ಎಂ. ಜೋಶಿಯವರ ಜೊತೆ ದುಡಿದು, ಮರಾಠವಾಡೆಯ ಹಿಪ್ಪರಗಾ ಮತ್ತು ಅಂಬಾಜೋಗಾಯಿಯ ಶಾಲೆಗಳಲ್ಲಿ ಮಕ್ಕಳಿಗೆ ಪಾಠ ಹೇಳಿ, 1932ರಲ್ಲಿ ಸಂನ್ಯಾಸ ಸ್ವೀಕರಿಸಿದವರು. ಕಾವಿ ತೊಟ್ಟರು, ಮಠ ಕಟ್ಟಲಿಲ್ಲ.

1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಹುಟ್ಟುವ ಮೊದಲೇ ನಿಜಾಮ ಸರಕಾರ ಅದನ್ನು ನಿಷೇಧಿಸಿತು. ಅದು ಕೋಮುವಾದಿ ಸಂಸ್ಥೆ, ಅದಕ್ಕೆ ಸಂಸ್ಥಾನದ ಹೊರಗಿನ ನಂಟಿದೆ ಎಂಬುದು ಸರಕಾರದ ಆಪಾದನೆ. ಹೊರಗಿನವರು ಎಂಬ ಹಳೆಯ ಅಸ್ತ್ರವನ್ನು ಈಗ ಪ್ರಭುತ್ವವೇ ಪ್ರಜೆಗಳ ಮೇಲೆ ಬೀಸಿತು. ಅಕ್ಟೋಬರ್ 24ರಂದು ಸತ್ಯಾಗ್ರಹ ಆರಂಭವಾದಾಗ ಅದಕ್ಕೆ ಉತ್ತರ ಸಿಕ್ಕಿತು. ಗೋವಿಂದರಾವ್ ನಾನಲ್, ರಾವಿ ನಾರಾಯಣ ರೆಡ್ಡಿ, ಜನಾರ್ದನರಾವ್ ದೇಸಾಯಿ ಮೊದಲಾದವರಿದ್ದ ಆ ಮೊದಲ ತಂಡದಲ್ಲಿ ಸಂಸ್ಥಾನದ ಬೇರೆ ಬೇರೆ ಭಾಷಾ ಸೀಮೆಯವರು ಒಟ್ಟಿಗೆ ಜೇಲಿಗೆ ನಡೆದರು. ಅದೇ ವರ್ಷ ಉಸ್ಮಾನಿಯಾ ವಿಶ್ವವಿದ್ಯಾಲಯದ ವಸತಿನಿಲಯಗಳಲ್ಲಿ ವಂದೇ ಮಾತರಂ ಹಾಡಿದ ವಿದ್ಯಾರ್ಥಿಗಳನ್ನು ಹೊರಗೆ ಹಾಕಲಾಯಿತು. ತೆಲುಗು, ಮರಾಠಿ, ಕನ್ನಡ ಮನೆಗಳ ಆ ಹುಡುಗರಿಗೆ ಬಾಗಿಲು ತೆರೆದದ್ದು ಪರರಾಜ್ಯದ ನಾಗಪುರ ವಿಶ್ವವಿದ್ಯಾಲಯ. ಹಾಗೆ ಹೋಗಿ ಓದಿದವರಲ್ಲಿ ಮುಂದೆ ದೇಶದ ಪ್ರಧಾನಿಯಾದ ಪಿ. ವಿ. ನರಸಿಂಹ ರಾವ್ ಒಬ್ಬರು.

ಸ್ಟೇಟ್ ಕಾಂಗ್ರೆಸ್ಸಿನ ಮುಂದಾಳಾಗಿದ್ದ ಸ್ವಾಮೀಜಿಯ ಕರೆಯಂತೆ 1947ರ ಆಗಸ್ಟ್ 7ರಂದು ಸಂಸ್ಥಾನದಲ್ಲೆಲ್ಲ ಭಾರತ ಒಕ್ಕೂಟ ಸೇರುವ ದಿನಾಚರಣೆ ನಡೆಯಿತು. ದೇಶ ಸ್ವತಂತ್ರವಾದ ದಿನವೇ ಅವರ ಬಂಧನವಾಯಿತು. ಮುಂದಿನ ಹದಿಮೂರು ತಿಂಗಳು ಈ ಸೀಮೆಯ ಜನ ಬಾಯಿಬಿಟ್ಟು ಹೇಳಲಾರದ ಕಾಲ. ನಿಜಾಮರ ಪರ ನಿಂತ ಕಾಸಿಂ ರಜ್ವಿಯ ರಜಾಕಾರ ಪಡೆಯ ಹಾವಳಿಗೆ ಅಂಜಿ ಹಳ್ಳಿಯ ಜನ ಎತ್ತಿನಗಾಡಿ ಕಟ್ಟಿಕೊಂಡು ಭೀಮೆ ದಾಟಿ ಇಂಡಿ, ಸಿಂದಗಿಯ ಕಡೆಗೆ, ವಾಗ್ದರಿ, ದುಧನಿ, ಅಕ್ಕಲಕೋಟೆಯ ಕಡೆಗೆ ಹೋದರು. ಗಡಿಯುದ್ದಕ್ಕೂ ಹೋರಾಟದ ಶಿಬಿರಗಳು ಎದ್ದವು. ಆಚೆಯವರು ಈಚೆಯವರಿಗೆ ಹಿಟ್ಟು, ಹೊದಿಕೆ ಕೊಟ್ಟರು. ಹೈದರಾಬಾದು ಭಾರತದಲ್ಲಿ ಕೂಡಬೇಕು, ಹಿಂದೂ ಮುಸ್ಲಿಮರು ಒಂದಾಗಿ ಬಾಳಬೇಕು ಎಂದು ಉರ್ದುವಿನಲ್ಲೇ ಬರೆದ ಇಮ್ರೋಜ್ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರನ್ನು 1948ರ ಆಗಸ್ಟಿನಲ್ಲಿ ನಡುರಸ್ತೆಯಲ್ಲಿ ಕೊಂದರು, ಬರೆದ ಕೈಯನ್ನೇ ಕಡಿದರು. ಏಕತೆಗಾಗಿ ಪ್ರಾಣ ಕೊಟ್ಟವರನ್ನು ನೆನೆಯುವಾಗ ಆ ತರುಣ ಮುಸ್ಲಿಂ ಸಂಪಾದಕರ ಹೆಸರನ್ನು ಮರೆಯುವುದು ಪಾಪ.

ಸೆಪ್ಟೆಂಬರ್ 13ರಂದು ಸೊಲ್ಲಾಪುರದ ದಿಕ್ಕಿನಿಂದ ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ಸೇನೆ ಒಳಹೊಕ್ಕಿತು. 17ರಂದು ನಿಜಾಮರು ಶರಣಾದರು. ಬಿಡುಗಡೆಯ ಆ ಸಂತೋಷದ ಜೊತೆಗೆ ಇನ್ನೊಂದನ್ನೂ ಬರೆಯಲೇಬೇಕು. ರಜಾಕಾರರ ಪಾಪಕ್ಕೆ ಏನೂ ಅರಿಯದ ಬಡ ಮುಸ್ಲಿಮರು ಬೆಲೆ ತೆತ್ತರು. ಸರಕಾರ ಕಳಿಸಿದ ಪಂಡಿತ ಸುಂದರಲಾಲರ ಸಮಿತಿಯು ಇಪ್ಪತ್ತೇಳರಿಂದ ನಲವತ್ತು ಸಾವಿರ ಜನ ಸತ್ತಿರಬೇಕೆಂದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿಯನ್ನೂ ಹೆಸರಿಸಿತು. ಐದುನೂರು ವರ್ಷದಿಂದ ಈ ನೆಲದಲ್ಲೇ ಹುಟ್ಟಿ ಈ ನೆಲದಲ್ಲೇ ಮಣ್ಣಾದವರ ಮಕ್ಕಳು ಒಂದು ವಾರದಲ್ಲಿ ಹೊರಗಿನವರಾಗಿಬಿಟ್ಟರು. ಒಬ್ಬರ ಮೇಲಿನ ಅನ್ಯಾಯವನ್ನು ನೆನೆದು ಇನ್ನೊಬ್ಬರ ಮೇಲಿನ ಅನ್ಯಾಯವನ್ನು ಮರೆಯುವ ಚರಿತ್ರೆಯಿಂದ ದೇಶ ಒಂದಾಗುವುದಿಲ್ಲ.

ಒಡೆದು ಒಂದಾದ ರಾಜ್ಯ

ಸೇನೆಯ ಆಡಳಿತದ ಜೊತೆಗೆ ಮದ್ರಾಸು, ಮುಂಬಯಿ, ಮಧ್ಯಪ್ರಾಂತ್ಯಗಳ ನೌಕರರು ಹೈದರಾಬಾದಿಗೆ ಬಂದರು. ಸ್ವತಂತ್ರ ಭಾರತದಲ್ಲೂ ನೌಕರಿ ನಮಗಿಲ್ಲವೇ ಎಂದು ಸ್ಥಳೀಯ ಯುವಕರು ಸಿಟ್ಟಿಗೆದ್ದರು. 1952ರಲ್ಲಿ ಬೂರ್ಗುಲ ರಾಮಕೃಷ್ಣ ರಾಯರ ಸರಕಾರವಿದ್ದಾಗ ವರಂಗಲ್ಲಿನಲ್ಲಿ ಹೊತ್ತಿದ ಮುಲ್ಕಿ ಚಳವಳಿ ರಾಜಧಾನಿಗೆ ಹಬ್ಬಿತು. ಗೈರ್ ಮುಲ್ಕಿಗಳೇ ಹಿಂದಿರುಗಿ ಎಂಬ ಘೋಷಣೆಯ ಜೊತೆ, ಇಡ್ಲಿ ಸಾಂಬಾರ್ ಹಿಂದಿರುಗಿ ಎಂಬ ಕೂಗೂ ಎದ್ದಿತು. ಸೆಪ್ಟೆಂಬರ್ ಮೊದಲ ವಾರದಲ್ಲಿ ಪೊಲೀಸರ ಗುಂಡಿಗೆ ತರುಣರು ಬಲಿಯಾದರು. ಕೆಲಸದ ಬೇಡಿಕೆ ನ್ಯಾಯವಾದದ್ದೇ ಆಗಿತ್ತು. ಅದು ಇನ್ನೊಬ್ಬನ ಊಟದ ತಟ್ಟೆಯನ್ನು ಜರೆಯುವ ಮಾತಾದ ಕ್ಷಣದಲ್ಲಿ ನ್ಯಾಯ ಹಿಂದೆ ಸರಿದು ಹಗೆ ಮುಂದೆ ಬಂದಿತು.

ಅದೇ ವರ್ಷದ ಚುನಾವಣೆಯಲ್ಲಿ ರಾಮಾನಂದ ತೀರ್ಥರು ಕಲಬುರಗಿಯಿಂದ ಲೋಕಸಭೆಗೆ ಆಯ್ಕೆಯಾದರು. ತಾವು ಬಿಡಿಸಿದ ಸಂಸ್ಥಾನವನ್ನು ಇಡಿಯಾಗಿ ಉಳಿಸಿಕೊಂಡು ಅದರ ಹಿರಿಯರಾಗಿ ಕೂಡ್ರಬೇಕೆಂದು ಅವರು ಬಯಸಲಿಲ್ಲ. ರೈತನು ತನ್ನ ಭಾಷೆಯಲ್ಲಿ ಅರ್ಜಿ ಬರೆದು ತನ್ನ ಭಾಷೆಯಲ್ಲಿ ಉತ್ತರ ಪಡೆಯದೆ ಪ್ರಜಾಪ್ರಭುತ್ವ ಬೇರೂರದು ಎಂಬ ಸತ್ಯ ಅವರಿಗೆ ತಿಳಿದಿತ್ತು. ಹೈದರಾಬಾದನ್ನು ಭಾಷೆಗೆ ತಕ್ಕಂತೆ ಮೂರಾಗಿ ವಿಂಗಡಿಸಿ ನೆರೆಯ ನಾಡುಗಳಿಗೆ ಕೂಡಿಸಬೇಕೆಂದು ಅವರು ವಾದಿಸಿದರು. ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಅವರ ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ವರದಿ ಕೊಟ್ಟಿತು. 1956ರ ನವೆಂಬರ್ 1ರಂದು ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳು ಕೆಲವು ತಾಲೂಕುಗಳನ್ನು ಬಿಟ್ಟು ಮೈಸೂರು ರಾಜ್ಯದಲ್ಲಿ ಕೂಡಿದವು. ಮರುವರ್ಷ ಸ್ವಾಮೀಜಿ ಮರಾಠಿ ನೆಲದ ಔರಂಗಾಬಾದಿನಿಂದ ಲೋಕಸಭೆಗೆ ಗೆದ್ದರು. ಒಂದು ಚುನಾವಣೆ ಕನ್ನಡಿಗರ ನಡುವೆ, ಮುಂದಿನದು ಮರಾಠರ ನಡುವೆ. ತೆಲುಗು ನೆಲದ ನರಸಿಂಹ ರಾಯರು ಅವರ ಶಿಷ್ಯರು. 1972ರಲ್ಲಿ ತೀರಿಕೊಂಡ ಸ್ವಾಮೀಜಿಯ ಸಮಾಧಿ ಹೈದರಾಬಾದಿನ ಬೇಗಂಪೇಟೆಯಲ್ಲಿದೆ. ಅವರ ಹೆಸರಿನ ವಿಶ್ವವಿದ್ಯಾಲಯ ನಾಂದೇಡಿನಲ್ಲಿದೆ. ಭಾಷೆಗೊಂದು ರಾಜ್ಯ ಬೇಕೆಂದ ಮನುಷ್ಯನು ಯಾವ ಭಾಷೆಯವರಿಗೂ ಪರಕೀಯನಾಗಲಿಲ್ಲ.

ಏಕೀಕರಣದಿಂದ ಹಳೆಯ ಸಂಸ್ಥಾನದ ಗಡಿ ಮಾಯವಾಯಿತು, ಮನಸ್ಸಿನ ಗೆರೆ ಉಳಿಯಿತು. ಮಹಾರಾಷ್ಟ್ರದ ಜೊತೆಗಿನ ಗಡಿ ತಕರಾರು ನೋಡಿದ ಮಹಾಜನ ಆಯೋಗ 1967ರಲ್ಲಿ ಅಕ್ಕಲಕೋಟೆಯನ್ನು ಮೈಸೂರು ರಾಜ್ಯಕ್ಕೆ, ಅಂದರೆ ಇಂದಿನ ಕರ್ನಾಟಕಕ್ಕೆ, ಕೊಡಲು ಶಿಫಾರಸು ಮಾಡಿದ್ದು ಕಾಗದದಲ್ಲೇ ನಿಂತಿತು. ರಾಜ್ಯದ ಒಳಗೆ, ಮೊಗಲಾಯಿ ಮಂದಿ ಎಂಬ ಹೀಗಳಿಕೆ ತಲೆಮಾರುಗಳ ಕಾಲ ಈ ಕಡೆಯವರ ಬೆನ್ನು ಬಿಡಲಿಲ್ಲ. ಉರ್ದು ಬೆರೆತ ಅವರ ಕನ್ನಡ ಕೇಳಿ ನಕ್ಕವರಿದ್ದಾರೆ. ಇಲ್ಲಿಗೆ ವರ್ಗವಾದರೆ ಶಿಕ್ಷೆಯಾಯಿತೆಂದು ಬಗೆದ ಅಧಿಕಾರಿಗಳಿದ್ದಾರೆ. 2002ರಲ್ಲಿ ಡಿ. ಎಂ. ನಂಜುಂಡಪ್ಪ ಸಮಿತಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ 21 ಕಲಬುರಗಿ ವಿಭಾಗದವು, ಆಳಂದ, ಅಫಜಲಪುರ, ಜೇವರ್ಗಿಗಳೂ ಅದರಲ್ಲಿದ್ದವು. ದಶಕಗಳ ಹೋರಾಟದ ನಂತರ ಸಂವಿಧಾನದ 98ನೆಯ ತಿದ್ದುಪಡಿಯಿಂದ 371(ಜೆ) ವಿಧಿ ಬಂದು ಸ್ಥಳೀಯರಿಗೆ ಓದು ಮತ್ತು ಉದ್ಯೋಗದಲ್ಲಿ ಮೀಸಲು ಪಾಲು ಸಿಕ್ಕಿತು. 2019ರಲ್ಲಿ ಸೀಮೆಗೆ ಕಲ್ಯಾಣ ಕರ್ನಾಟಕ ಎಂಬ ಹೆಸರಾಯಿತು.

ಇದೇ ನೆಲ ಇನ್ನೊಂದು ಪಾಠವನ್ನೂ ಹೇಳಿದೆ. ಜೇವರ್ಗಿ ತಾಲೂಕಿನ ನೆಲೋಗಿಯ ರಜಪೂತ ಮನೆತನದ ಧರಂ ಸಿಂಗ್ ಅವರ ಬೆನ್ನಿಗೆ ಜಾತಿಯ ಬಲವಿರಲಿಲ್ಲ. ಜೇವರ್ಗಿಯ ಜನ ಅವರನ್ನು ದಶಕಗಳ ಕಾಲ ಮತ್ತೆ ಮತ್ತೆ ವಿಧಾನಸಭೆಗೆ ಕಳಿಸಿದರು. 2004ರ ಮೇ ತಿಂಗಳಲ್ಲಿ ಅವರು ಕರ್ನಾಟಕದ ಮುಖ್ಯಮಂತ್ರಿಯಾದರು. ಅವರ ಪೂರ್ವಜರ ಊರು ಯಾವುದೆಂಬುದು ಮತ ಹಾಕುವ ರೈತನಿಗೆ ಅಡ್ಡಬರಲಿಲ್ಲ.

ಆರುನೂರು ವರ್ಷದ ಈ ಕಥನ ಒಂದು ಮಾತನ್ನು ಖಚಿತವಾಗಿ ಹೇಳುತ್ತದೆ. ಹಿಂದುಳಿದ ಸೀಮೆ ತನ್ನ ಪಾಲು ಕೇಳುವುದು ದೇಶದ್ರೋಹವಲ್ಲ, ಪ್ರಾಂತೀಯ ದ್ವೇಷವೂ ಅಲ್ಲ. ದಖನಿಗಳ ದೂರು, ಮುಲ್ಕಿಗಳ ಬೇಡಿಕೆ, 371(ಜೆ)ಯ ಹೋರಾಟ ಮೂರರ ಬುಡದಲ್ಲೂ ನ್ಯಾಯವಿತ್ತು. ಪಾಲು ಕೊಡದೆ ಏಕತೆಯ ಉಪದೇಶ ಮಾಡುವವರು ಏಕತೆಯನ್ನು ಪೊಳ್ಳು ಮಾಡುತ್ತಾರೆ. ಆದರೆ ಪಾಲಿನ ಲೆಕ್ಕ ಬಿಟ್ಟು ಮನುಷ್ಯನ ಹುಟ್ಟೂರನ್ನೇ ಅಪರಾಧವೆಂದು ಬಗೆದ ದಿನ ಚಾಕಣದ ಔತಣ, ಕೊಂಡಪಲ್ಲಿಯ ಕತ್ತಿ, 1948ರ ಸಾವುಗಳು ದೂರ ಉಳಿಯುವುದಿಲ್ಲ.

ಇಂದು ಅಫಜಲಪುರ, ಆಳಂದ, ಜೇವರ್ಗಿಯ ಹಳ್ಳಿಗಳಿಂದ ಸಾವಿರಾರು ಜನ ದುಡಿಮೆಗಾಗಿ ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಅಲ್ಲಿ ಅವರೇ ಹೊರಗಿನವರು. ಅವರ ಬೆವರಿಗೆ ಕೂಲಿಯನ್ನೂ ಅವರ ಮಾತಿಗೆ ಮರ್ಯಾದೆಯನ್ನೂ ನಾವು ಆ ಊರುಗಳಲ್ಲಿ ಕೇಳುತ್ತೇವೆ, ಕೇಳಲೇಬೇಕು. ಕಲಬುರಗಿಯ ಸಿಮೆಂಟು ಕಾರ್ಖಾನೆಗಳಿಗೂ ಕಟ್ಟಡಗಳಿಗೂ ದುಡಿಯಲು ಬರುವ ಬಿಹಾರಿಗೂ ಒಡಿಯನಿಗೂ ಅದೇ ಕೂಲಿ, ಅದೇ ಮರ್ಯಾದೆ ಸಲ್ಲಬೇಕು. ನಮ್ಮ ಮಕ್ಕಳಿಗಾಗಿ ಪರಊರಿನಲ್ಲಿ ನಾವು ಬೇಡುವ ನ್ಯಾಯವನ್ನು ನಮ್ಮ ಊರಿಗೆ ಬಂದವನಿಗೆ ಕೊಟ್ಟಾಗಲೇ ಭಾರತ ಒಂದು ಎಂಬ ಮಾತನ್ನು ಎದೆತಟ್ಟಿ ಹೇಳುವ ಅರ್ಹತೆ ನಮಗೆ ಬರುತ್ತದೆ.